ನಾಲ್ಕೂ ಗಾಲಿ ತಿರುಗಿದ ಕಾಲ

ಮಾನ್ವಿ, ಸಿರವಾರ, ದೇವದುರ್ಗ ಸೀಮೆಯ ಎರಿ ಹೊಲಕ್ಕೆ ಒಳ್ಳೆಯ ಮಳೆ ಬಿದ್ದ ಮರುದಿನ ಯಾರೂ ಗಾಡಿ ಇಳಿಸುವುದಿಲ್ಲ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುವ ಈ ಕಪ್ಪು ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಜಿಗುಟಾಗುತ್ತದೆ, ಗಾಲಿಗೆ ಮೆತ್ತಿಕೊಂಡು ಟೈರಿನ ಗೀರುಗಳನ್ನೇ ಮುಚ್ಚಿಬಿಡುತ್ತದೆ. ಆಮೇಲೆ ಎಂಜಿನ್ ಎಷ್ಟೇ ದೊಡ್ಡದಿರಲಿ, ಗಾಲಿ ನಿಂತಲ್ಲೇ ಸುತ್ತುತ್ತ ಹೂತುಹೋಗುತ್ತದೆ. ಬಾಗಲವಾಡದ ಸುತ್ತಿನ ರೈತರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ನಾಲ್ಕೂ ಗಾಲಿಗೆ ಎಂಜಿನ್ ಬಲ ಕೊಡುವ ಫೋರ್ ವೀಲ್ ಡ್ರೈವ್ ಚರಿತ್ರೆ ಹೇಳುವವರು ಸಾಮಾನ್ಯವಾಗಿ 1980ರ ಜಿನೀವಾ ಕಾರು ಮೇಳದಿಂದ, ಔಡಿ ಕ್ವಾಟ್ರೊದಿಂದ ಶುರುಮಾಡುತ್ತಾರೆ. ಮುಂದೆ ರ‍್ಯಾಲಿ, ಹಿಮ, ಹೆಸರಾಂತ ಚಾಲಕರು. ಅದೆಲ್ಲ ನಿಜ, ರೋಮಾಂಚಕ ಕೂಡ. ಆದರೆ ಆ ಕಥೆಯನ್ನು ನಮ್ಮ ಸೀಮೆಯಿಂದ ನೋಡಿದರೆ ಅದರ ಬೇರು ಬೇರೆಲ್ಲೋ ಕಾಣುತ್ತದೆ. ನಾಲ್ಕೂ ಗಾಲಿಗೆ ಬಲ ಕೊಡಬೇಕೆಂಬ ಆಲೋಚನೆ ಹುಟ್ಟಿದ್ದು ರಾಡಿಯಲ್ಲಿ, ಬೆಳೆದದ್ದು ಯುದ್ಧಭೂಮಿಯಲ್ಲಿ, ಡಾಂಬರು ರಸ್ತೆಗೆ ಬಂದದ್ದು ಒಬ್ಬ ಟ್ರ್ಯಾಕ್ಟರ್ ತಯಾರಕನ ಹಟದಿಂದ. ಆ ಮನುಷ್ಯನ ಹೆಸರು ರಾಯಚೂರು ಜಿಲ್ಲೆಯ ಹೊಲಗಳಲ್ಲಿ ಇವತ್ತಿಗೂ ಟ್ರ್ಯಾಕ್ಟರ್ ಬಾನೆಟ್ ಮೇಲೆ ಓಡಾಡುತ್ತಿದೆ.

ಮೊದಲು ತೊಡಕು ಏನೆಂದು ತಿಳಿಯಬೇಕು. ಗಾಡಿ ತಿರುವು ತೆಗೆದುಕೊಳ್ಳುವಾಗ ಹೊರಬದಿಯ ಗಾಲಿ ಒಳಬದಿಯದಕ್ಕಿಂತ ಹೆಚ್ಚು ದೂರ ಓಡಬೇಕು. ಅದಕ್ಕಾಗಿ ಎರಡೂ ಗಾಲಿಗಳ ನಡುವೆ ಡಿಫರೆನ್ಶಿಯಲ್ ಎಂಬ ಹಲ್ಲುಗಾಲಿಗಳ ಪೆಟ್ಟಿಗೆ ಇರುತ್ತದೆ. ಅದು ಎರಡಕ್ಕೂ ಬೇರೆ ಬೇರೆ ವೇಗ ಕೊಡುತ್ತದೆ. ಒಣ ರಸ್ತೆಯಲ್ಲಿ ಇದು ವರ, ರಾಡಿಯಲ್ಲಿ ಶಾಪ. ಒಂದು ಗಾಲಿಯ ಕೆಳಗೆ ಹಿಡಿತ ತಪ್ಪಿದರೆ ಸುತ್ತೆಲ್ಲ ಅತ್ತಲೇ ಹರಿಯುತ್ತದೆ, ಗಟ್ಟಿ ನೆಲದ ಮೇಲಿರುವ ಇನ್ನೊಂದು ಗಾಲಿ ಸುಮ್ಮನೆ ನಿಲ್ಲುತ್ತದೆ. ಟ್ರ್ಯಾಕ್ಟರ್ ಓಡಿಸುವವರು ಕಾಲಬಳಿಯ ಸಣ್ಣ ಪೆಡಲ್ ಒತ್ತಿ ಡಿಫರೆನ್ಶಿಯಲ್ ಲಾಕ್ ಹಾಕುವುದು ಇದಕ್ಕೇ. ಎರಡು ಗಾಲಿಯ ಈ ತೊಡಕನ್ನು ನಾಲ್ಕು ಗಾಲಿಗೆ ಹಿಗ್ಗಿಸಿದರೆ ಮುಂದಿನ ತೊಂಬತ್ತು ವರ್ಷಗಳ ಎಂಜಿನಿಯರುಗಳ ತಲೆನೋವು ಅರ್ಥವಾಗುತ್ತದೆ. ತಿರುವಿನಲ್ಲಿ ಮುಂದಿನ ಗಾಲಿಗಳ ದಾರಿ ಹಿಂದಿನವಕ್ಕಿಂತ ಉದ್ದ. ಹಿಂದು ಮುಂದನ್ನು ಗಟ್ಟಿಯಾಗಿ ಬಿಗಿದರೆ ಡಾಂಬರಿನ ಮೇಲೆ ಗಾಡಿ ಕುಪ್ಪಳಿಸುತ್ತದೆ, ಟೈರು ಸವೆಯುತ್ತದೆ, ಗೇರುಗಳು ಮುರಿಯುತ್ತವೆ. ಬಿಗಿಯದಿದ್ದರೆ ಕೆಸರಿನಲ್ಲಿ ಪ್ರಯೋಜನವಿಲ್ಲ.

1893ರಲ್ಲಿ ಇಂಗ್ಲೆಂಡಿನ ಬ್ರಾಮಾ ಡಿಪ್ಲಾಕ್ ಉಗಿ ಎಂಜಿನ್ನಿನ ಎಳೆಗಾಡಿಗೆ ನಾಲ್ಕು ಗಾಲಿಯ ಚಾಲನೆಯ ಪೇಟೆಂಟ್ ಪಡೆದ. 1903ರಲ್ಲಿ ಹಾಲೆಂಡಿನ ಸ್ಪೈಕರ್ ಸಹೋದರರು ಆರು ಸಿಲಿಂಡರಿನ ಪೆಟ್ರೋಲ್ ಕಾರಿಗೆ ಅದನ್ನೇ ಜೋಡಿಸಿ, ನಾಲ್ಕೂ ಗಾಲಿಗೆ ಬ್ರೇಕ್ ಸಿಗುವಂತೆಯೂ ಮಾಡಿದರು. ಇವು ಅಲ್ಲೊಂದು ಇಲ್ಲೊಂದು ಪ್ರಯೋಗಗಳಾಗಿ ಉಳಿದವು. ಲಕ್ಷಗಟ್ಟಲೆ ಜನರಿಗೆ ಇಂಥ ಗಾಡಿ ಕಾಣಿಸಿದ್ದು ಎರಡನೇ ಮಹಾಯುದ್ಧದಲ್ಲಿ. 1940ರಲ್ಲಿ ಅಮೆರಿಕದ ಸೈನ್ಯ ಹಗುರವಾದ, ನಾಲ್ಕೂ ಗಾಲಿ ಎಳೆಯುವ ಗಾಡಿ ಬೇಕೆಂದಾಗ ಬ್ಯಾಂಟಮ್ ಎಂಬ ಸಣ್ಣ ಕಂಪನಿಗಾಗಿ ಕಾರ್ಲ್ ಪ್ರಾಬ್ಸ್ಟ್ ನಕ್ಷೆ ಬಿಡಿಸಿಕೊಟ್ಟ. ಅದೇ ಬಗೆಯ ಗಾಡಿಯೇ ಜೀಪು. ವಿಲ್ಲಿಸ್ ಮತ್ತು ಫೋರ್ಡ್ ಯುದ್ಧ ಮುಗಿಯುವ ಹೊತ್ತಿಗೆ ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ಹೊರತಂದಿದ್ದವು. 1948ರಲ್ಲಿ ಇಂಗ್ಲೆಂಡಿನಲ್ಲಿ ಲ್ಯಾಂಡ್ ರೋವರ್ ಬಂತು. ಅದರ ಹಿಂದಿದ್ದ ಮಾರಿಸ್ ವಿಲ್ಕ್ಸ್ ತನ್ನ ಹೊಲಮನೆಯಲ್ಲಿ ಬಳಸುತ್ತಿದ್ದದ್ದು ಯುದ್ಧದಲ್ಲಿ ಉಳಿದ ಜೀಪನ್ನೇ.

ಭಾರತಕ್ಕೆ ಜೀಪು ಮಹೀಂದ್ರ ಕಂಪನಿಯ ಮೂಲಕ ಬಂತು. 1947ರಲ್ಲಿ ವಿಲ್ಲಿಸ್ ಬಿಡಿಭಾಗ ತರಿಸಿ ಮುಂಬೈಯಲ್ಲಿ ಜೋಡಿಸುವ ಕೆಲಸ ಶುರುವಾಯಿತು. ಆಗ ರಾಯಚೂರು ಜಿಲ್ಲೆ ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿತ್ತು. 1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನ ಭಾರತಕ್ಕೆ ಸೇರಿತು, 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. ಈ ನಡುವೆ, 1953ರಲ್ಲಿ, ತುಂಗಭದ್ರಾ ಅಣೆಕಟ್ಟಿನಲ್ಲಿ ನೀರು ನಿಂತು ಎಡದಂಡೆ ಕಾಲುವೆ ಸಿಂಧನೂರು, ಮಾನ್ವಿಯ ಎರಿ ಹೊಲಗಳ ಕಡೆ ಹರಿಯತೊಡಗಿತು. ರಸ್ತೆಗಿಂತ ಮೊದಲು ಕಾಲುವೆ ಬಂದ ಹಳ್ಳಿಗಳವು. ಕಾಲುವೆ ಏರಿಯ ಮೇಲೆ ಓಡಾಡುವ ಎಂಜಿನಿಯರಿಗೂ ಊರೂರು ಸುತ್ತುವ ತಹಶೀಲ್ದಾರರಿಗೂ ಜೀಪೇ ಗತಿ. ಹಳ್ಳಿಯವರ ಕಣ್ಣಿನಲ್ಲಿ ಜೀಪು ಬಂತೆಂದರೆ ಸರ್ಕಾರ ಬಂದಂತೆ. ಮುಂದೆ ಮಹೀಂದ್ರ ಜೀಪುಗಳಲ್ಲಿ ಬಹಳಷ್ಟು ಹಿಂದಿನ ಎರಡು ಗಾಲಿ ಮಾತ್ರ ತಿರುಗುವಂಥವೇ ಆದವು, ಆಕಾರ ಮಾತ್ರ ಹಳೆಯ ಯುದ್ಧದ ಜೀಪಿನದು.

ಜೀಪಿನ ವ್ಯವಸ್ಥೆ ಸರಳ. ಗೇರ್‌ಪೆಟ್ಟಿಗೆಯ ಹಿಂದೆ ಇನ್ನೊಂದು ಪೆಟ್ಟಿಗೆ, ಅದಕ್ಕೊಂದು ಸಣ್ಣ ಲಿವರ್. ಕೆಸರು ಬಂದಾಗ ಎಳೆದರೆ ಮುಂದಿನ ಗಾಲಿಗೂ ಬಲ, ಗಟ್ಟಿ ರಸ್ತೆ ಬಂದಾಗ ಬಿಡಿಸಬೇಕು. ನಡುವೆ ಡಿಫರೆನ್ಶಿಯಲ್ ಇಲ್ಲ. ಅಂದರೆ ನಾಲ್ಕು ಗಾಲಿಯ ಬಲ ಅಪಾಯಕಾಲದ ಸಾಧನ ಮಾತ್ರ, ದಿನನಿತ್ಯ ವೇಗವಾಗಿ ಓಡುವ ಕಾರಿಗಲ್ಲ. ಇದನ್ನು ಒಪ್ಪದವನು ಹ್ಯಾರಿ ಫರ್ಗ್ಯುಸನ್.

ಫರ್ಗ್ಯುಸನ್ ಐರ್ಲೆಂಡಿನ ಡೌನ್ ಕೌಂಟಿಯ ರೈತನ ಮಗ, ಹುಟ್ಟಿದ್ದು 1884ರಲ್ಲಿ. 1909ರ ಡಿಸೆಂಬರ್ 31ರಂದು ತಾನೇ ಕಟ್ಟಿದ ವಿಮಾನ ಹಾರಿಸಿ ಐರ್ಲೆಂಡಿನ ಮೊದಲ ವಿಮಾನ ಚಾಲಕನಾದ. ಆದರೆ ಜಗತ್ತು ಅವನನ್ನು ನೆನೆಯುವುದು ಟ್ರ್ಯಾಕ್ಟರಿನ ಹಿಂದಿನ ಮೂರು ತೋಳಿನ ಕೊಂಡಿಗಾಗಿ. ಆವರೆಗೆ ನೇಗಿಲನ್ನು ಟ್ರ್ಯಾಕ್ಟರ್ ಹಿಂದೆ ಸುಮ್ಮನೆ ಎಳೆಯುತ್ತಿದ್ದರು. ನೇಗಿಲು ಬೇರಿಗೋ ಕಲ್ಲಿಗೋ ಸಿಕ್ಕಿದರೆ ಟ್ರ್ಯಾಕ್ಟರ್ ಮುಂಭಾಗ ಎದ್ದು ಚಾಲಕನ ಮೇಲೆ ಮಗುಚುತ್ತಿತ್ತು. ಫರ್ಗ್ಯುಸನ್ ಹೈಡ್ರಾಲಿಕ್ ತೋಳುಗಳಿಂದ ನೇಗಿಲನ್ನು ಟ್ರ್ಯಾಕ್ಟರಿನ ಅಂಗವನ್ನಾಗಿಯೇ ಮಾಡಿದ. ನೇಗಿಲಿನ ಭಾರ, ಮಣ್ಣಿನ ಎಳೆತ ಎರಡೂ ಹಿಂದಿನ ಗಾಲಿಗಳನ್ನು ನೆಲಕ್ಕೆ ಒತ್ತುವಂತಾಯಿತು. ಹಗುರ ಟ್ರ್ಯಾಕ್ಟರಿಗೂ ಹಿಡಿತ ಬಂತು. ಇವತ್ತು ಎರಿ ಹೊಲದಲ್ಲಿ ಯಾವ ಕಂಪನಿಯ ಟ್ರ್ಯಾಕ್ಟರ್ ಕಂಡರೂ ಅದರ ಹಿಂದೆ ಇರುವುದು ಅದೇ ಕೊಂಡಿ.

ಹಿಡಿತದ ಈ ಹುಚ್ಚು ಅವನನ್ನು ಬಿಡಲಿಲ್ಲ. 1953ರಲ್ಲಿ ಟ್ರ್ಯಾಕ್ಟರ್ ವ್ಯವಹಾರವನ್ನು ಕೆನಡಾದ ಮ್ಯಾಸ್ಸಿ-ಹ್ಯಾರಿಸ್ ಕಂಪನಿಗೆ ಒಪ್ಪಿಸಿದ. ಮ್ಯಾಸ್ಸಿ ಫರ್ಗ್ಯುಸನ್ ಎಂಬ ಜೋಡಿ ಹೆಸರು ಬಂದದ್ದು ಅಲ್ಲಿಂದ. ಅದೇ ಹೆಸರಿನ ಟ್ರ್ಯಾಕ್ಟರುಗಳನ್ನು ಭಾರತದಲ್ಲಿ ತಯಾರಿಸಲೆಂದು 1960ರಲ್ಲಿ ಚೆನ್ನೈಯ ಟಾಫೆ ಕಂಪನಿ ಹುಟ್ಟಿತು. ಇತ್ತ ಫರ್ಗ್ಯುಸನ್ ತನ್ನ ಹಣವನ್ನು ಕಾರಿನ ಸಂಶೋಧನೆಗೆ ಸುರಿದ. ಜೊತೆಗಿದ್ದವರು ರೇಸು ಚಾಲಕ ಫ್ರೆಡ್ಡಿ ಡಿಕ್ಸನ್ ಮತ್ತು ಟೋನಿ ರೋಲ್ಟ್. ರೋಲ್ಟ್ ಯುದ್ಧದಲ್ಲಿ ಜರ್ಮನ್ನರ ಕೋಲ್ಡಿಟ್ಜ್ ಕೋಟೆಯಲ್ಲಿ ಸೆರೆಯಿದ್ದವನು, 1953ರಲ್ಲಿ ಲ ಮಾನ್ 24 ಗಂಟೆಗಳ ಓಟ ಗೆದ್ದವನು. ಸಾಮಾನ್ಯ ಸಂಸಾರಸ್ಥರ ಕಾರು ಮಳೆಯಲ್ಲಿ ಜಾರಬಾರದು, ಬ್ರೇಕ್ ಒತ್ತಿದರೆ ಗಾಲಿ ಕಟ್ಟಿಕೊಳ್ಳಬಾರದು ಎಂಬುದು ಫರ್ಗ್ಯುಸನ್ನನ ಗುರಿ. ಇಲ್ಲಿ ವೇಗದ ಆಸೆಗಿಂತ ಜೀವ ಉಳಿಸುವ ಕಾಳಜಿ ದೊಡ್ಡದಿತ್ತು ಎಂಬುದನ್ನು ನಾನು ಒತ್ತಿ ಹೇಳಬೇಕು.

ಕಾರು ಕಂಪನಿಗಳು ನಂಬಲಿಲ್ಲ. ಹಾಗಾಗಿ ರೇಸು ಕಾರು ಕಟ್ಟಿ ತೋರಿಸಲು ಹೊರಟರು. ಅದು ಪಿ99. 1960ರ ಅಕ್ಟೋಬರಿನಲ್ಲಿ ಫರ್ಗ್ಯುಸನ್ ತೀರಿಕೊಂಡ. ಮರುವರ್ಷ ಸೆಪ್ಟೆಂಬರ್ 23ರಂದು ಇಂಗ್ಲೆಂಡಿನ ಔಲ್ಟನ್ ಪಾರ್ಕಿನಲ್ಲಿ ಒದ್ದೆ ರಸ್ತೆಯ ಮೇಲೆ ಸ್ಟರ್ಲಿಂಗ್ ಮಾಸ್ ಅದನ್ನು ಓಡಿಸಿ ಗೆದ್ದ. ವಿಶ್ವ ಚಾಂಪಿಯನ್‌ಷಿಪ್ ಲೆಕ್ಕಕ್ಕೆ ಸೇರದ ಓಟವದು. ಆದರೂ ಫಾರ್ಮುಲಾ ಒನ್ ಓಟವೊಂದನ್ನು ಗೆದ್ದ ಏಕೈಕ ನಾಲ್ಕು ಗಾಲಿ ಚಾಲನೆಯ ಕಾರು ಇವತ್ತಿಗೂ ಅದೊಂದೇ. 1969ರಲ್ಲಿ ಲೋಟಸ್, ಮಾತ್ರಾ, ಮೆಕ್‌ಲಾರೆನ್ ಪ್ರಯತ್ನಿಸಿ ಕೈಬಿಟ್ಟವು. ಅಷ್ಟೊತ್ತಿಗೆ ಅಗಲ ಟೈರು, ರೆಕ್ಕೆಗಳು ಬಂದು ಒಣ ಟ್ರ್ಯಾಕಿನಲ್ಲಿ ಹೆಚ್ಚಿನ ತೂಕ ಹೊರೆಯಾಗಿತ್ತು.

ಫರ್ಗ್ಯುಸನ್ನನ ಕನಸು ರಸ್ತೆಗೆ ಇಳಿದದ್ದು 1966ರ ಜೆನ್ಸನ್ ಎಫ್‌ಎಫ್ ಕಾರಿನಲ್ಲಿ. ನಡುವೆ ಡಿಫರೆನ್ಶಿಯಲ್, ಗಾಲಿ ಕಟ್ಟಿಕೊಳ್ಳದಂತೆ ತಡೆಯುವ, ವಿಮಾನದಿಂದ ತಂದ ಬ್ರೇಕ್ ವ್ಯವಸ್ಥೆ. ಬೆಟ್ಟ ಹತ್ತುವುದಕ್ಕಲ್ಲದೆ ಸಾಮಾನ್ಯ ರಸ್ತೆಗಾಗಿಯೇ ತಯಾರಾಗಿ ಮಾರಾಟಕ್ಕೆ ಬಂದ ಮೊದಲ ನಾಲ್ಕು ಗಾಲಿ ಚಾಲನೆಯ ಕಾರು ಇದು. ತಯಾರಾದದ್ದು 320 ಮಾತ್ರ, ಬೆಲೆ ಶ್ರೀಮಂತರಿಗೂ ಭಾರ. ಬಡವರ ಕಡೆಯಿಂದ ಬಂದ ಉತ್ತರ ಜಪಾನಿನದು. ಅಲ್ಲಿನ ತೊಹೊಕು ವಿದ್ಯುತ್ ಕಂಪನಿಗೆ ಹಿಮದ ಬೆಟ್ಟಗಳಲ್ಲಿ ತಂತಿ ನೋಡಿಕೊಳ್ಳುವ ಕೆಲಸಗಾರರಿಗೆ ಬೇಕಾದ, ಜೀಪಿಗಿಂತ ಬೆಚ್ಚನೆಯ ಗಾಡಿಯನ್ನು ಸುಬಾರು ಮಾಡಿಕೊಟ್ಟಿತು. ಅದರಿಂದ 1972ರ ಲಿಯೋನ್ ಕಾರು ಬಂತು.

ಈಗ ಔಡಿ. 1976-77ರ ಚಳಿಗಾಲದಲ್ಲಿ ಫಿನ್ಲೆಂಡಿನ ಹಿಮದಲ್ಲಿ ಔಡಿಯವರು ಪರೀಕ್ಷೆಗೆ ಹೋಗಿದ್ದರು. ಜೊತೆಗೊಯ್ದಿದ್ದ ಸೈನ್ಯದ ಜೀಪು, ಫೋಕ್ಸ್‌ವಾಗನ್ ಇಲ್ಟಿಸ್, ಬರೀ 75 ಅಶ್ವಶಕ್ತಿಯದು. ಅದು ತನಗಿಂತ ಎಷ್ಟೋ ಬಲವಾದ ಕಾರುಗಳನ್ನು ಹಿಂದೆ ಹಾಕುತ್ತಿತ್ತು. ಚಾಸಿ ಎಂಜಿನಿಯರ್ ಯೋರ್ಗ್ ಬೆನ್ಸಿಂಗರ್ ಇದನ್ನು ಗಮನಿಸಿ ಮುಖ್ಯಸ್ಥ ಫರ್ಡಿನಾಂಡ್ ಪಿಯೆಖ್‌ಗೆ ಹೇಳಿದ. ಔಡಿ 80 ಕಾರಿಗೆ ಇಲ್ಟಿಸ್ಸಿನ ಭಾಗ ಜೋಡಿಸಿದರು. 1978ರ ಜನವರಿಯಲ್ಲಿ ಆಸ್ಟ್ರಿಯಾದ ತುರಾಖರ್ ಹೋಹೆ ಘಾಟಿಯಲ್ಲಿ, ನೂರಕ್ಕೆ 23ರ ಏರಿನಲ್ಲಿ, ಸರಪಳಿ ಕಟ್ಟದೆ ಬೇಸಿಗೆಯ ಟೈರಿನಲ್ಲೇ ಆ ಕಾರು ಮೇಲೇರಿದ್ದನ್ನು ಕಂಪನಿಯ ದೊಡ್ಡವರು ಕಣ್ಣಾರೆ ಕಂಡರು.

ಆಗಿನ್ನೂ ನಡುವೆ ಡಿಫರೆನ್ಶಿಯಲ್ ಇರಲಿಲ್ಲ. ಫೋಕ್ಸ್‌ವಾಗನ್ ಸಂಶೋಧನಾ ಮುಖ್ಯಸ್ಥ ಎರ್ನ್ಸ್ಟ್ ಫಿಯಾಲ ಆ ಕಾರನ್ನು ಹೆಂಡತಿಗೆ ಓಡಿಸಲು ಕೊಟ್ಟನಂತೆ. ವಿಯೆನ್ನಾದ ಬೀದಿಗಳಲ್ಲಿ ಓಡಿಸಿ ಬಂದ ಆಕೆ, ತಿರುವಿನಲ್ಲಿ ಕಾರು ಕುಪ್ಪಳಿಸುತ್ತದೆ ಎಂದಳಂತೆ. ಡಿಫರೆನ್ಶಿಯಲ್ ಹಾಕಿ ಎಂದು ಫಿಯಾಲ ಹೇಳಿದ. ಜೀಪಿನ ಕಾಲದಿಂದ ಬಂದ ಅದೇ ತೊಡಕು. ಔಡಿಯವರ ಜಾಣ್ಮೆ ಕಂಡದ್ದು ಇಲ್ಲಿ: ಗೇರ್‌ಪೆಟ್ಟಿಗೆಯೊಳಗಿನ ಶಾಫ್ಟ್ ಒಂದನ್ನು ಟೊಳ್ಳು ಮಾಡಿದರು. ಟೊಳ್ಳು ಶಾಫ್ಟ್ ಮೂಲಕ ಬಲ ಹಿಂದೆ ಹೋಗಿ ಡಿಫರೆನ್ಶಿಯಲ್ ಸೇರಿ, ಅರ್ಧ ಹಿಂದಿನ ಗಾಲಿಗಳಿಗೆ ಸಾಗಿ, ಇನ್ನರ್ಧ ಟೊಳ್ಳಿನೊಳಗಿನ ತೆಳು ಶಾಫ್ಟ್ ಹಿಡಿದು ಮುಂದಕ್ಕೆ ಮರಳುತ್ತಿತ್ತು. ಜೀಪಿನ ಭಾರದ ಪೆಟ್ಟಿಗೆಯೇ ಬೇಡವಾಯಿತು. 1980ರ ಮಾರ್ಚ್ 3ರಂದು ಜಿನೀವಾದಲ್ಲಿ ಕ್ವಾಟ್ರೊ ಹೊರಬಂತು. ಐದು ಸಿಲಿಂಡರ್, ಟರ್ಬೊ, 200 ಅಶ್ವಶಕ್ತಿ.

ರ‍್ಯಾಲಿಯಲ್ಲಿ ಪ್ರತಿಸ್ಪರ್ಧಿಗಳು ನಕ್ಕಿದ್ದರು: ಅಷ್ಟು ತೂಕ, ಅಷ್ಟು ಗೇರು, ಮುರಿಯದೆ ಇರುತ್ತದೆಯೇ? 1981ರ ಜನವರಿಯ ಮಾಂಟೆ ಕಾರ್ಲೊದಲ್ಲಿ ಫಿನ್ಲೆಂಡಿನ ಹನ್ನು ಮಿಕ್ಕೊಲಾ ಮೊದಲ ಹಂತದಲ್ಲೇ, ತನಗಿಂತ ಒಂದು ನಿಮಿಷ ಮುಂಚೆ ಹೊರಟಿದ್ದ ಲಾಂಚಿಯಾ ಸ್ಟ್ರಾಟೋಸನ್ನು ಹಿಮದ ರಸ್ತೆಯಲ್ಲಿ ದಾಟಿದ. ಆಮೇಲೆ ರಸ್ತೆ ಬಿಟ್ಟು ಜಾರಿ ಆ ಓಟ ಕಳೆದುಕೊಂಡ. ಮುಂದಿನ ತಿಂಗಳು ಸ್ವೀಡನ್ನಿನಲ್ಲಿ ಗೆದ್ದ.

ಮಿಶೆಲ್ ಮೂತೋ ಬಗ್ಗೆ ಹೇಳದೆ ಈ ಕಥೆ ನಡೆಯದು. ಕ್ವಾಟ್ರೊ ಓಡಿಸುತ್ತಿದ್ದ ಫ್ರಾನ್ಸಿನ ಈಕೆ 1981ರ ಸಾನ್ ರೆಮೊ ರ‍್ಯಾಲಿಯನ್ನು ಫ್ಯಾಬ್ರಿಜಿಯಾ ಪೋನ್ಸ್ ಎಂಬ ಸಹಚಾಲಕಿಯೊಂದಿಗೆ ಗೆದ್ದು, ವಿಶ್ವ ಮಟ್ಟದ ರ‍್ಯಾಲಿ ಗೆದ್ದ ಮೊದಲ ಹೆಣ್ಣಾದಳು. 1982ರಲ್ಲಿ ಪೋರ್ಚುಗಲ್, ಗ್ರೀಸ್, ಬ್ರೆಜಿಲ್ ಮೂರನ್ನೂ ಗೆದ್ದು ಚಾಂಪಿಯನ್ ಪಟ್ಟದ ಹೊಸ್ತಿಲಿಗೆ ಬಂದಳು. ಐವರಿ ಕೋಸ್ಟ್ ರ‍್ಯಾಲಿ ಶುರುವಾಗುವ ಹೊತ್ತಿಗೆ ತಂದೆ ತೀರಿಕೊಂಡ ಸುದ್ದಿ ಬಂತು. ಆದರೂ ಓಡಿಸಿದಳು, ಮುನ್ನಡೆಯಲ್ಲಿದ್ದಳು. ಗೇರ್‌ಪೆಟ್ಟಿಗೆ ಕೈಕೊಟ್ಟಿತು, ಕಳೆದ ಹೊತ್ತನ್ನು ಹಿಡಿಯಲು ಹೋಗಿ ಕಾರು ಉರುಳಿತು. ಪಟ್ಟ ಹಿಂದಿನ ಗಾಲಿ ಚಾಲನೆಯ ಓಪೆಲ್ ಓಡಿಸಿದ ವಾಲ್ಟರ್ ರೋರ್ಲ್ ಪಾಲಾಯಿತು. ರ‍್ಯಾಲಿ ಚರಿತ್ರೆಯಲ್ಲಿ ನನ್ನ ಮನಸ್ಸಿಗೆ ಅತ್ಯಂತ ಹತ್ತಿರವಾದ ಸೋಲು ಇದು. ಯಂತ್ರ ಎಷ್ಟೇ ಮುಂದಿರಲಿ, ಆ ಕತ್ತಲ ಕಾಡುದಾರಿಯಲ್ಲಿ ಕಾರಿನ ಜೊತೆ ಆ ದುಃಖವನ್ನೂ ಹೊತ್ತು ಸಾಗಿದ್ದು ಆಕೆ.

1983ರಲ್ಲಿ ಲಾಂಚಿಯಾ ತನ್ನ ಹಿಂದಿನ ಗಾಲಿ ಚಾಲನೆಯ 037 ಕಾರಿನಿಂದ ತಯಾರಕರ ಪಟ್ಟವನ್ನು 118-116 ಅಂಕಗಳಲ್ಲಿ ಔಡಿಯಿಂದ ಕಿತ್ತುಕೊಂಡಿತು. ಎರಡೇ ಗಾಲಿ ಚಾಲನೆಯ ಕಾರೊಂದು ಆ ಪಟ್ಟ ಗೆದ್ದದ್ದು ಅದೇ ಕೊನೆ. ಆಮೇಲೆ ಎಲ್ಲರೂ ನಾಲ್ಕು ಗಾಲಿಗೆ ತಿರುಗಿದರು. 200 ಕಾರು ಮಾಡಿದರೆ ಸಾಕೆಂಬ ಗ್ರೂಪ್ ಬಿ ನಿಯಮದಡಿ ಪೆಜೊ 205 ಟಿ16, ಲಾಂಚಿಯಾ ಡೆಲ್ಟಾ ಎಸ್4 ಬಂದವು. ಬಲ ಮಿತಿಮೀರಿತು, ಪ್ರೇಕ್ಷಕರು ರಸ್ತೆಯಲ್ಲೇ ನಿಲ್ಲುತ್ತಿದ್ದರು. 1986ರ ಮಾರ್ಚಿನಲ್ಲಿ ಪೋರ್ಚುಗಲ್ಲಿನಲ್ಲಿ ಕಾರು ಜನರ ಮೇಲೆ ನುಗ್ಗಿತು. ಮೇ 2ರಂದು ಕಾರ್ಸಿಕಾದಲ್ಲಿ ಹೆನ್ರಿ ತೊಯ್ವೊನೆನ್ ಮತ್ತು ಸೆರ್ಜಿಯೊ ಕ್ರೆಸ್ತೊ ಕಂದಕಕ್ಕೆ ಬಿದ್ದು ಬೆಂಕಿಯಲ್ಲಿ ತೀರಿಕೊಂಡರು. ಗ್ರೂಪ್ ಬಿ ಅಲ್ಲಿಗೆ ಮುಗಿಯಿತು.

1987ರಿಂದ ಅದರ ಜಾಗಕ್ಕೆ ಬಂದ ಗ್ರೂಪ್ ಎ ನಿಯಮವೇ ಸಾಮಾನ್ಯ ರಸ್ತೆಗೆ ಹೆಚ್ಚು ಉಪಕಾರ ಮಾಡಿದ್ದು. ರ‍್ಯಾಲಿಗೆ ಬರುವ ಕಾರನ್ನು ಹನ್ನೆರಡು ತಿಂಗಳಲ್ಲಿ 5000 ತಯಾರಿಸಬೇಕಿತ್ತು. ಅಂದರೆ ರ‍್ಯಾಲಿ ಗೆಲ್ಲಬೇಕೆಂದರೆ ನಾಲ್ಕು ಗಾಲಿ ಚಾಲನೆಯ ಕಾರನ್ನು ಅಂಗಡಿಯಲ್ಲಿ ಮಾರಲೇಬೇಕಿತ್ತು. ಲಾಂಚಿಯಾ ಡೆಲ್ಟಾ 1987ರಿಂದ 1992ರವರೆಗೆ ಸತತ ಆರು ತಯಾರಕರ ಪಟ್ಟ ಗೆದ್ದಿತು. ಟೊಯೋಟ ಸೆಲಿಕಾ, ಸುಬಾರು ಇಂಪ್ರೆಜಾ, ಮಿತ್ಸುಬಿಷಿ ಲ್ಯಾನ್ಸರ್ ಎವಲ್ಯೂಷನ್ ಹಿಂಬಾಲಿಸಿದವು. ಎವಲ್ಯೂಷನ್ ಓಡಿಸಿ ತೊಮ್ಮಿ ಮ್ಯಾಕಿನೆನ್ 1996ರಿಂದ 1999ರವರೆಗೆ ನಾಲ್ಕು ಬಾರಿ ಚಾಂಪಿಯನ್ ಆದ.

ನಮ್ಮ ದೇಶದಲ್ಲಿ ಇದೇ ಹೊತ್ತಿಗೆ ಬಂದದ್ದು ಮಾರುತಿ ಜಿಪ್ಸಿ, 1985ರ ಡಿಸೆಂಬರಿನಲ್ಲಿ. 970 ಸಿಸಿಯ ಪುಟ್ಟ ಎಂಜಿನ್, ಹಗುರ ಮೈ, ಜೀಪಿನ ಹಾಗೆಯೇ ಲಿವರ್ ಎಳೆದು ಮುಂದಿನ ಗಾಲಿ ಸೇರಿಸುವ ಹಳೆಯ ಕ್ರಮ. ಟೊಳ್ಳು ಶಾಫ್ಟಿನ ಜಾಣತನ ಅದಕ್ಕಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಸೈನ್ಯ ಕೊಂಡಿತು, ಅರಣ್ಯ ಇಲಾಖೆ ಕೊಂಡಿತು, ಬಂಡೀಪುರ, ನಾಗರಹೊಳೆಯ ಕಾಡುದಾರಿಗಳಲ್ಲಿ ಓಡಿತು. 1990ರ ದಶಕದ ರಾಷ್ಟ್ರೀಯ ರ‍್ಯಾಲಿಗಳಲ್ಲಿ ಚಂಡೀಗಢದ ಹರಿ ಸಿಂಗ್ ಇದೇ ಜಿಪ್ಸಿಯಲ್ಲಿ ಹೆಸರು ಮಾಡಿದರು. ಕರ್ನಾಟಕದಲ್ಲಿ ಬೆಂಗಳೂರಿನ ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ನಡೆಸುತ್ತ ಬಂದಿರುವ ಕೆ-1000 ರ‍್ಯಾಲಿ ಈ ಆಟದ ಹಳೆಯ ಶಾಲೆ. ಆದರೂ ನಮ್ಮ ರಾಷ್ಟ್ರೀಯ ರ‍್ಯಾಲಿಯಲ್ಲಿ ಬಹುಪಾಲು ಓಡುವುದು ಮುಂದಿನ ಎರಡೇ ಗಾಲಿ ಎಳೆಯುವ ಕಾರುಗಳು. ಕಾರಣ ಹಣ. ನಾಲ್ಕು ಗಾಲಿಯ ರ‍್ಯಾಲಿ ಕಾರಿನ ಒಂದು ಡಿಫರೆನ್ಶಿಯಲ್ ಮುರಿದರೂ ಸಣ್ಣ ತಂಡದ ವರ್ಷದ ಲೆಕ್ಕ ಬುಡಮೇಲು.

ವಿಶ್ವ ದರ್ಜೆಯ ನಾಲ್ಕು ಗಾಲಿಯ ರ‍್ಯಾಲಿ ಕಾರನ್ನು ಕನ್ನಡನಾಡಿನ ಮಣ್ಣಿನಲ್ಲಿ ನೋಡಬೇಕೆಂದವರು ಚಿಕ್ಕಮಗಳೂರಿಗೆ ಹೋಗಬೇಕಾಯಿತು. ಅಲ್ಲಿನ ಕಾಫಿ ತೋಟಗಳ ಒಳದಾರಿಗಳಲ್ಲಿ ಏಷ್ಯಾ-ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಷಿಪ್‌ನ ಸುತ್ತು ನಡೆಯಿತು. ಚೆನ್ನೈಯ ಎಂಆರ್‌ಎಫ್ ತಂಡದ ಸ್ಕೋಡಾ ಫಾಬಿಯಾ ಆರ್5 ಕಾರಿನಲ್ಲಿ ದೆಹಲಿಯ ಗೌರವ್ ಗಿಲ್ 2016, 2017ರಲ್ಲಿ ಆ ಸರಣಿಯ ಚಾಂಪಿಯನ್ ಆದರು. 2013ರಲ್ಲೂ ಅವರೇ ಗೆದ್ದಿದ್ದರು. 2019ರಲ್ಲಿ ಅರ್ಜುನ ಪ್ರಶಸ್ತಿ ಪಡೆದ ಮೊದಲ ಮೋಟಾರ್ ಕ್ರೀಡಾಪಟು ಅವರು. ದೇಶದ ರ‍್ಯಾಲಿಗಳಲ್ಲಿ ಮಹೀಂದ್ರ ಎಕ್ಸ್‌ಯುವಿ500 ಓಡಿಸುವಾಗ ಗಿಲ್ ಪಕ್ಕದ ಸೀಟಿನಲ್ಲಿ ತಿರುವು ಓದಿ ಹೇಳುತ್ತಿದ್ದವರು ಕಾಸರಗೋಡಿನ ಮೂಸಾ ಷರೀಫ್. ಗಡಿಯಾಚೆಯ ಆ ಜಿಲ್ಲೆಯಿಂದ ಬಂದ ಒಬ್ಬರು ಈ ಆಟದ ಉನ್ನತ ಮಟ್ಟ ತಲುಪಿದ್ದು ನಮ್ಮ ಪತ್ರಿಕೆಗಳಲ್ಲಿ ಇನ್ನೂ ಹೆಚ್ಚು ಜಾಗ ಪಡೆಯಬೇಕಿತ್ತು.

ರಾಯಚೂರು ಜಿಲ್ಲೆಗೆ ನಾಲ್ಕು ಗಾಲಿಯ ಬಲ ಬಂದದ್ದು ಮಾತ್ರ ರ‍್ಯಾಲಿಯ ದಾರಿಯಿಂದಲ್ಲ, ಭತ್ತದ ಗದ್ದೆಯಿಂದ. ಎಡದಂಡೆ ಕಾಲುವೆಯ ಕೆಳಗೆ, ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪುಗಳಲ್ಲಿ, ನೀರು ನಿಲ್ಲಿಸಿ ಕೆಸರು ತುಳಿಸುವ ಬೇಸಾಯ ಬೇರೂರಿತು. ಟ್ರ್ಯಾಕ್ಟರಿನ ಹಿಂದಿನ ಗಾಲಿಗೆ ಕಬ್ಬಿಣದ ಗಾಲಿ ಬಿಗಿದು ಗದ್ದೆಗೆ ಇಳಿಸುವುದು ಮೊದಲಿನ ಕ್ರಮ. ಈಗ ಮುಂದಿನ ಗಾಲಿಗೂ ಎಂಜಿನ್ ಬಲ ತಲುಪುವ ಟ್ರ್ಯಾಕ್ಟರುಗಳು ಬಂದಿವೆ. ಸಾಲ ಮಾಡಿಯಾದರೂ ಅದನ್ನೇ ಕೊಳ್ಳುವವರಿದ್ದಾರೆ. ಮುಂದಿನ ಗಾಲಿಗಳು ಹಿಂದಿನವಕ್ಕಿಂತ ಚಿಕ್ಕವು. ಆದ್ದರಿಂದ ಗೇರು ಲೆಕ್ಕ ಹಾಕಿ ಅವು ನೆಲದ ಮೇಲೆ ತುಸು ಹೆಚ್ಚು ವೇಗದಲ್ಲಿ ಎಳೆಯುವಂತೆ ಮಾಡಿರುತ್ತಾರೆ. ಕೆಸರಿನಲ್ಲಿ ಇದು ಟ್ರ್ಯಾಕ್ಟರನ್ನು ಮುಂದಕ್ಕೆ ಸೆಳೆಯುತ್ತದೆ. ಭತ್ತ ಹೇರಿಕೊಂಡು ಡಾಂಬರು ರಸ್ತೆಗೆ ಬಂದಾಗ ಲಿವರ್ ಬಿಡಿಸದಿದ್ದರೆ ಮುಂದಿನ ಟೈರು ಬೇಗ ಸವೆಯುತ್ತದೆ. ವಿಯೆನ್ನಾದಲ್ಲಿ ಕಾರು ಕುಪ್ಪಳಿಸಿದ್ದು, ಇಲ್ಲಿ ಟೈರು ಸವೆಯುವುದು, ಎರಡರ ಹಿಂದಿನ ಕಾರಣ ಒಂದೇ.

ಕಾರಿನ ಲೋಕ ಈ ನಡುವೆ ಮತ್ತೆ ಹೊರಳಿದೆ. 2022ರಿಂದ ಬೆಂಗಳೂರು ಪಕ್ಕದ ಬಿಡದಿಯ ಟೊಯೋಟ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಹೈರೈಡರ್ ಮತ್ತು ಮಾರುತಿಯ ಗ್ರ್ಯಾಂಡ್ ವಿಟಾರಾ ತಯಾರಾಗತೊಡಗಿದವು. ಎರಡರಲ್ಲೂ ಸುಜುಕಿಯ ನಾಲ್ಕು ಗಾಲಿ ಚಾಲನೆ ಸಿಗುವ ಮಾದರಿಗಳು ಬಂದವು. ಲಿವರ್ ಇಲ್ಲ, ಮುಂದಿನ ಗಾಲಿ ಜಾರಿದ್ದನ್ನು ತಾನೇ ತಿಳಿದು ಬಲವನ್ನು ಹಿಂದಕ್ಕೆ ಕಳಿಸುತ್ತದೆ. 2025ರಲ್ಲಿ ಟಾಟಾ ಹ್ಯಾರಿಯರ್ ಇವಿ ಮುಂದೊಂದು ಹಿಂದೊಂದು ಮೋಟಾರ್ ಇಟ್ಟುಕೊಂಡು ಬಂತು. ನಡುವೆ ಶಾಫ್ಟೇ ಇಲ್ಲ, ನಡುವಿನ ಡಿಫರೆನ್ಶಿಯಲ್ಲೂ ಇಲ್ಲ, ಎರಡು ಮೋಟಾರುಗಳ ಲೆಕ್ಕವನ್ನು ಕಂಪ್ಯೂಟರ್ ನೋಡಿಕೊಳ್ಳುತ್ತದೆ. ಇದು ಹೊಸದೂ ಅಲ್ಲ. 1900ರಲ್ಲಿ ಯುವಕ ಫರ್ಡಿನಾಂಡ್ ಪೋರ್ಷೆ ವಿಯೆನ್ನಾದ ಲೋನರ್ ಕಾರ್ಖಾನೆಯಲ್ಲಿ ನಾಲ್ಕೂ ಗಾಲಿಯೊಳಗೆ ಒಂದೊಂದು ವಿದ್ಯುತ್ ಮೋಟಾರ್ ಇಟ್ಟು ಕಾರು ಕಟ್ಟಿದ್ದ. ಅದನ್ನು ಸೋಲಿಸಿದ್ದು ಸೀಸದ ಬ್ಯಾಟರಿಗಳ ಭಾರ. ಅವನ ಮೊಮ್ಮಗನೇ ಔಡಿಯ ಫರ್ಡಿನಾಂಡ್ ಪಿಯೆಖ್.